ಮಂಡಕಳ್ಳಿಯಲ್ಲಿ ಸ್ವಂತ ಹ್ಯಾಂಗರ್: ಸೂರು ಆಮೇಲೆ, ದಾರಿ ಮೊದಲು

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಊರು. ಅಕ್ಕಿ ಗಿರಣಿ ಇದೆ. ಮಗ ಪೈಲಟ್ ಲೈಸೆನ್ಸ್ ಮಾಡಿಕೊಂಡು ಬಂದಿದ್ದಾನೆ. ಅವನೂ ಇಬ್ಬರು ಗೆಳೆಯರೂ ಸೇರಿ ಹಳೆಯ ಸೆಸ್ನಾ 172 ವಿಮಾನವೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಾಲ್ಕು ವಿಮಾನ ಹಿಡಿಯುವ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ ಕಟ್ಟಿ, ಒಂದರಲ್ಲಿ ನಮ್ಮದು ಇಟ್ಟುಕೊಂಡು, ಉಳಿದ ಜಾಗ ಬಾಡಿಗೆಗೆ ಕೊಡಿ, ಜಾಗ 30 ವರ್ಷ ಗುತ್ತಿಗೆಗೆ ಸಿಗುತ್ತದೆ ಅಂತ ಒಬ್ಬ ಕನ್ಸಲ್ಟೆಂಟ್ ಹೇಳುತ್ತಿದ್ದಾರೆ. ಹೊರದೇಶದ ಫೋಟೊಗಳನ್ನೂ ತೋರಿಸಿದರು. ನಿಲ್ದಾಣದ ಗೋಡೆ ಪಕ್ಕದಲ್ಲೇ ನಮ್ಮ ಸಂಬಂಧಿಕರ ಎರಡು ಎಕರೆ ಜಮೀನಿದೆ. ಒಳಗೆ ಜಾಗ ಸಿಗದಿದ್ದರೆ ಅಲ್ಲೇ ಕಟ್ಟಿ, ಗೋಡೆಗೊಂದು ಗೇಟ್ ಇಡಿಸಿಕೊಳ್ಳಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಗೇಟಿನ ವಿಷಯ ಮೊದಲು ಮುಗಿಸಿಬಿಡೋಣ. ಅದು ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಹೊರಗಿನ ಖಾಸಗಿ ಜಮೀನಿನಿಂದ ವಿಮಾನ ಸೀದಾ ರನ್‌ವೇ ಕಡೆಗೆ ಉರುಳಿಕೊಂಡು ಬರುವ ಪದ್ಧತಿ ಅಮೆರಿಕದಲ್ಲಿದೆ. ಅಲ್ಲಿನ ಕೆಲವು ಬಡಾವಣೆಗಳಲ್ಲಿ ಮನೆ ಪಕ್ಕದ ಶೆಡ್‌ನಲ್ಲಿ ಕಾರಿನ ಜೊತೆ ವಿಮಾನವೂ ನಿಂತಿರುತ್ತದೆ. ನಿಮಗೆ ತೋರಿಸಿದ ಫೋಟೊಗಳು ಬಹುಶಃ ಅಲ್ಲಿಯವೇ. ನಮ್ಮಲ್ಲಿ ಪ್ರಯಾಣಿಕರ ವಿಮಾನ ಬರುವ ನಿಲ್ದಾಣದ ಭದ್ರತೆ ಬಿಸಿಎಎಸ್ ಅನ್ನುವ ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆಯ ನಿಯಮದ ಕೆಳಗೆ ನಡೆಯುತ್ತದೆ. ಗೋಡೆಯಲ್ಲಿ ಒಂದು ಬಾಗಿಲು ಜಾಸ್ತಿಯಾದರೆ ಅಲ್ಲಿ ಕಾವಲು ಬೇಕು, ತಪಾಸಣೆ ಬೇಕು, ಪಾಸ್ ನೋಡುವವರು ಬೇಕು. ವಾರಕ್ಕೆ ಎರಡು ಸಲ ಹಾರುವ ಒಂದು ಸೆಸ್ನಾಗೋಸ್ಕರ ಅಷ್ಟೆಲ್ಲ ಯಾರು ಮಾಡುತ್ತಾರೆ? ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಗೇಟ್ ಕೇಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಸಿಕ್ಕವರನ್ನು ನೋಡಿಲ್ಲ. ಆ ಎರಡು ಎಕರೆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಒಳಗಿನ ಹ್ಯಾಂಗರ್. ನೀವು ಮಂಡ್ಯ ಜಿಲ್ಲೆಯವರು, ನಿಮಗೆ ಹೇಳುವುದು ಸುಲಭ. ಗದ್ದೆ ಕೊಳ್ಳುವಾಗ ಮಣ್ಣು ನೋಡುವುದಕ್ಕೆ ಮುಂಚೆ ನೀವು ಏನು ನೋಡುತ್ತೀರಿ? ನಾಲೆ ಎಲ್ಲಿದೆ, ತೂಬು ಎಲ್ಲಿದೆ, ನಮ್ಮ ಗದ್ದೆಗೆ ನೀರು ಯಾರ ಗದ್ದೆ ದಾಟಿ ಬರಬೇಕು ಅಂತ, ಅಲ್ವಾ? ನಾಲೆ ಕೊನೆಯ ಗದ್ದೆ ಎಷ್ಟು ಚೆನ್ನಾಗಿದ್ದರೂ ಬೆಲೆ ಕಡಿಮೆಯೇ. ಹ್ಯಾಂಗರ್ ಕೂಡ ಹಾಗೆ. ಶೆಡ್ ಎಂಥದ್ದು ಅನ್ನುವುದು ಆಮೇಲಿನ ಮಾತು. ಶೆಡ್ ಬಾಗಿಲಿನಿಂದ ರನ್‌ವೇವರೆಗೆ ಗಟ್ಟಿ ನೆಲದ ದಾರಿ ಇದೆಯಾ, ಆ ದಾರಿ ಇನ್ನು 10 ವರ್ಷಕ್ಕೂ ಅಲ್ಲೇ ಇರುತ್ತದಾ, ಇದು ಮೊದಲು. ನಿಮ್ಮ ಕನ್ಸಲ್ಟೆಂಟ್ ಕೊಟ್ಟ ಯೋಜನೆಯಲ್ಲಿ ಶೆಡ್‌ನ ಬಣ್ಣವೂ ಇರಬಹುದು, ಈ ದಾರಿ ಇರುವುದಿಲ್ಲ. ಬೇಕಾದರೆ ತೆಗೆದು ನೋಡಿ.

ಮಂಡಕಳ್ಳಿಗೆ ಈ ಪ್ರಶ್ನೆ ಜಾಸ್ತಿ ಮುಖ್ಯ. ಯಾಕೆ ಅಂದರೆ ಅದು ಇನ್ನೂ ಬೆಳೆಯಬೇಕಾದ ನಿಲ್ದಾಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರಲ್ಲಿ ಶುರುವಾದದ್ದು. ಈಗಿನ ಟರ್ಮಿನಲ್ ತೆರೆದದ್ದು 2010ರ ಮೇ ತಿಂಗಳಲ್ಲಿ. ರನ್‌ವೇ ಪೂರ್ವ ಪಶ್ಚಿಮವಾಗಿದೆ, ಉದ್ದ 1,740 ಮೀಟರ್, ಅಗಲ 30 ಮೀಟರ್. ಎಟಿಆರ್ 72 ಥರದ ಪಂಖದ ವಿಮಾನಕ್ಕೆ ಇದು ಸಾಕು. ಏರ್‌ಬಸ್ 320ರಂಥ ಜೆಟ್ ಪೂರ್ತಿ ಪ್ರಯಾಣಿಕರನ್ನು ತುಂಬಿಕೊಂಡು ನಿತ್ಯ ಬಂದು ಹೋಗಲು ಸಾಲದು. ಅದಕ್ಕೇ ರನ್‌ವೇಯನ್ನು 2,750 ಮೀಟರ್‌ಗೆ ಉದ್ದ ಮಾಡುವ ಮಾತು ಹಲವು ವರ್ಷಗಳಿಂದ ನಡೆದಿದೆ. ಜಮೀನು ಬೇಕು, ನಂಜನಗೂಡು ಕಡೆಯ ಹೆದ್ದಾರಿ ಮತ್ತು ರೈಲು ಹಳಿಗೂ ದಾರಿ ಹುಡುಕಬೇಕು. ಮೈಸೂರಿನವರಿಗೆ ಈ ಸುದ್ದಿ ದಸರಾ ಹಾಗೆ, ವರ್ಷಕ್ಕೊಮ್ಮೆ ಬರುತ್ತದೆ. ಯಾವತ್ತು ಆಗುತ್ತದೆ ಅನ್ನುವುದು ನಿಮ್ಮ ಲೆಕ್ಕಕ್ಕೆ ಅಷ್ಟು ಮುಖ್ಯ ಅಲ್ಲ. ಆಗುವ ದಿನ ನಿಮ್ಮ ಶೆಡ್ ಎಲ್ಲಿರುತ್ತದೆ ಅನ್ನುವುದು ಮುಖ್ಯ.

ಸ್ವಲ್ಪ ಲೆಕ್ಕ ಮಾಡೋಣ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ದುಡ್ಡು ನಿಂತಿರುವುದು ಇದರ ಮೇಲೆ.

ಎಟಿಆರ್ ಬರುವ, ಉಪಕರಣಗಳ ನೆರವಿನಿಂದ ಇಳಿಯುವ ರನ್‌ವೇಗೆ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಡು ಗೆರೆಯಿಂದ ಎರಡೂ ಕಡೆ 140 ಮೀಟರ್ ಖಾಲಿ ನೆಲ ಬೇಕು. ಅದಕ್ಕೆ ಸ್ಟ್ರಿಪ್ ಅನ್ನುತ್ತಾರೆ. ವಿಮಾನ ರನ್‌ವೇಯಿಂದ ಪಕ್ಕಕ್ಕೆ ಜಾರಿದರೂ ಏನಕ್ಕೂ ಹೊಡೆಯಬಾರದು ಅಂತ. ಅಲ್ಲಿ ಶೆಡ್ ಇರಲಿ, ಒಂದು ಸಿಮೆಂಟ್ ಕಂಬ ಇಡುವುದೂ ತಪ್ಪು. ಸ್ಟ್ರಿಪ್‌ನ ಅಂಚಿನಿಂದ ಆಚೆಗೆ ಕಣ್ಣಿಗೆ ಕಾಣದ ಒಂದು ಇಳಿಜಾರು ಸೂರು ಇದೆ ಅಂದುಕೊಳ್ಳಿ. 7 ಮೀಟರ್ ದೂರ ಹೋದರೆ 1 ಮೀಟರ್ ಮೇಲೇಳುತ್ತದೆ. ನಿಮ್ಮ ಕಟ್ಟಡ ಆ ಸೂರಿನ ಒಳಗೇ ಇರಬೇಕು. ಶೆಡ್‌ನ ನೆತ್ತಿ 8 ಮೀಟರ್ ಎತ್ತರ ಅಂದರೆ 56 ಮೀಟರ್ ಹಿಂದೆ ಸರಿಯಬೇಕು. 140ಕ್ಕೆ 56 ಸೇರಿಸಿ, 196. ಅಂದರೆ ರನ್‌ವೇ ನಡು ಗೆರೆಯಿಂದ 196 ಮೀಟರ್ ಒಳಗೆ ನಿಮ್ಮ ಶೆಡ್ ಬರುವಂತಿಲ್ಲ. ಇನ್ನೊಂದು ಮಾತು. ಈ ಎತ್ತರವನ್ನು ಅಳೆಯುವುದು ರನ್‌ವೇ ಮಟ್ಟದಿಂದ, ನಿಮ್ಮ ಶೆಡ್‌ನ ನೆಲದಿಂದಲ್ಲ. ನಿಮಗೆ ಕೊಟ್ಟ ಜಾಗ ರನ್‌ವೇಗಿಂತ 2 ಮೀಟರ್ ದಿಬ್ಬದ ಮೇಲಿದ್ದರೆ ಇನ್ನೂ 14 ಮೀಟರ್ ಹಿಂದೆ. ಸರ್ವೆ ಮಾಡಿಸದೆ ನಕ್ಷೆ ಬರೆಸಿದವರು ಸಿಕ್ಕಿಬೀಳುವುದು ಇಲ್ಲೇ.

ಸರಿ, 196ರಲ್ಲಿ ಕಟ್ಟಿದಿರಿ. ಮುಂದೆ 25 ಮೀಟರ್ ಅಂಗಳ ಬಿಟ್ಟಿರಿ. ಆ ಅಂಗಳಕ್ಕೆ ಏಪ್ರನ್ ಅನ್ನುತ್ತಾರೆ. ಅದು 171ರಿಂದ 196ರವರೆಗೆ ಆಯಿತು. ಇವತ್ತು ತೊಂದರೆ ಇಲ್ಲ. ನಾಳೆ ರನ್‌ವೇ ಉದ್ದವಾಯಿತು, ವಿಮಾನ ಜಾಸ್ತಿಯಾದವು, ರನ್‌ವೇ ಪಕ್ಕದಲ್ಲೇ ಉದ್ದಕ್ಕೂ ಒಂದು ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಉರುಳಿಕೊಂಡು ಹೋಗುವ ದಾರಿ, ಬಂತು ಅಂತಿಟ್ಟುಕೊಳ್ಳಿ. ಎಟಿಆರ್, ಏರ್‌ಬಸ್ 320 ಗಾತ್ರದ ವಿಮಾನಕ್ಕೆ ಆ ಟ್ಯಾಕ್ಸಿವೇ ರನ್‌ವೇ ನಡುವಿನಿಂದ 158 ಮೀಟರ್ ದೂರದಲ್ಲಿರಬೇಕು. ಅದರ ನಡು ಗೆರೆಯಿಂದ ಇನ್ನೂ 26 ಮೀಟರ್ ಏನೂ ನಿಲ್ಲಿಸುವಂತಿಲ್ಲ, ರೆಕ್ಕೆ ತಾಗಬಾರದಲ್ಲ. 158 ಮತ್ತು 26 ಸೇರಿದರೆ 184. ನಿಮ್ಮ ಅಂಗಳ ಶುರುವಾಗುವುದು 171ರಲ್ಲಿ. 25 ಮೀಟರ್ ಅಂಗಳದಲ್ಲಿ 13 ಮೀಟರ್ ಹೋಯಿತು. ಶೆಡ್ ನಿಯಮದ ಪ್ರಕಾರ ಸರಿಯಾಗಿಯೇ ನಿಂತಿದೆ. ಒಳಗಿನ ವಿಮಾನವನ್ನು ಹೊರಗೆ ತಂದು ನಿಲ್ಲಿಸಿ ತಿರುಗಿಸಲು ಜಾಗ ಇಲ್ಲ. ಶೆಡ್ ಇದ್ದೂ ಇಲ್ಲದ ಹಾಗೆ.

ಅದಕ್ಕೇ ನಾನು ಯಾರೇ ಕೇಳಲಿ 210 ಮೀಟರ್ ಒಳಗೆ ಬರಬೇಡಿ, 230 ಸಿಕ್ಕರೆ ಬಿಡಬೇಡಿ ಅನ್ನುತ್ತೇನೆ. ಹಿಂದೆ ಹೋದಷ್ಟೂ ದಾರಿ ಉದ್ದ, ಡಾಂಬರಿನ ಖರ್ಚು ಜಾಸ್ತಿ. ಆ ಖರ್ಚು ಒಂದು ಸಲದ್ದು.

ದಾರಿಯ ಬಗ್ಗೆ ಜನ ಮಾಡುವ ತಪ್ಪೊಂದಿದೆ. ಸೆಸ್ನಾ 172 ಪೂರ್ತಿ ಪೆಟ್ರೋಲ್, ಜನ ಎಲ್ಲ ತುಂಬಿದರೂ 1,111 ಕೆಜಿ. ನಿಮ್ಮ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್ ಮುಂದೆ ಏನೂ ಅಲ್ಲ. ಹಾಗಾಗಿ ತೆಳ್ಳಗೆ ಡಾಂಬರು ಹಾಕಿದರೆ ಸಾಕು ಅನ್ನಿಸುತ್ತದೆ. ಆದರೆ ಆ ದಾರಿಯಲ್ಲಿ ಇಂಧನದ ಟ್ಯಾಂಕರ್ ಬರುತ್ತದೆ. ಬೆಂಕಿ ಬಿದ್ದ ದಿನ ಫೈರ್ ಎಂಜಿನ್ ಬರಬೇಕು, ಅದೂ ಮಳೆಗಾಲದಲ್ಲಿ. ನೆಲವನ್ನು ಆ ಲಾರಿಗಳ ತೂಕಕ್ಕೆ ಮಾಡಿಸಿ.

ಇನ್ನು ಜಾಗ ಯಾರದು, ಹೇಗೆ ಸಿಗುತ್ತದೆ ಅನ್ನುವ ಮಾತು. ಮಂಡಕಳ್ಳಿ ನಿಲ್ದಾಣ ನಡೆಸುವುದು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಒಳಗಿನ ಜಾಗ ಯಾವತ್ತೂ ನಿಮ್ಮದಾಗುವುದಿಲ್ಲ. 1974ರ ತಿದ್ದುಪಡಿ ಬಂದಾಗ 'ಉಳುವವನೇ ಹೊಲದೊಡೆಯ' ಅಂತ ಎಷ್ಟೋ ಗೇಣಿದಾರರಿಗೆ ಜಮೀನು ಸಿಕ್ಕಿದ್ದನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ. ಇಲ್ಲಿ ಆ ಆಸೆ ಬೇಡ. ಗುತ್ತಿಗೆ ಮುಗಿದ ಮೇಲೂ ಕೂತವರನ್ನು ಎಬ್ಬಿಸಲು ಪ್ರಾಧಿಕಾರದ ಕಾಯ್ದೆಯಲ್ಲೇ ಪ್ರತ್ಯೇಕ ಅಧ್ಯಾಯ ಇದೆ.

ಕನ್ಸಲ್ಟೆಂಟ್ ಹೇಳಿದ 30 ವರ್ಷ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಂಆರ್‌ಒ ನೀತಿ ತಂದಿತು. ಎಂಆರ್‌ಒ ಅಂದರೆ ವಿಮಾನ ರಿಪೇರಿ, ನಿರ್ವಹಣೆ ಮಾಡುವ ಕಂಪನಿಗಳು. ಅವರಿಗೆ ಮೊದಲು 3ರಿಂದ 5 ವರ್ಷಕ್ಕೆ ಜಾಗ ಕೊಡುತ್ತಿದ್ದರು. ಅದನ್ನು 30 ವರ್ಷ ಮಾಡಿದರು. ರಾಯಧನ ತೆಗೆದರು. ಜಾಗ ಬಹಿರಂಗ ಟೆಂಡರ್ ಮೂಲಕ, ಬಾಡಿಗೆ 3 ವರ್ಷಕ್ಕೊಮ್ಮೆ ಶೇಕಡ 15 ಏರಿಕೆ ಅಂತ ಮಾಡಿದರು. ಒಳ್ಳೆಯ ನೀತಿಯೇ. ಆದರೆ ಅದು ರಿಪೇರಿ ಕಂಪನಿಗೆ. ನಿಮ್ಮದು ವಿಮಾನ ನಿಲ್ಲಿಸುವ ಶೆಡ್. ಹೆಸರು ಹ್ಯಾಂಗರ್ ಅಂತ ಎರಡಕ್ಕೂ ಒಂದೇ ಆದರೂ ಕಡತ ಬೇರೆ. ಹಾರಾಟ ಕಲಿಸುವ ಶಾಲೆಗಳಿಗೆ ಇನ್ನೊಂದು ದಾರಿ ಇದೆ. ಅವಕ್ಕೂ 2021ರಲ್ಲಿ ಬೆಳಗಾವಿ, ಕಲಬುರಗಿಯಲ್ಲಿ, 2022ರಲ್ಲಿ ಹುಬ್ಬಳ್ಳಿಯಲ್ಲಿ ಟೆಂಡರ್ ಮೂಲಕವೇ ಜಾಗ ಕೊಟ್ಟರು. ರಿಪೇರಿ ಕಂಪನಿ, ಹಾರಾಟ ಶಾಲೆ, ನಿಮ್ಮ ಶೆಡ್, ಮೂರಕ್ಕೂ ಒಂದು ಮಾತು ಸಮಾನ: ಅರ್ಜಿ ಬರೆದುಕೊಟ್ಟು, ಶಾಸಕರ ಪತ್ರ ಲಗತ್ತಿಸಿ ಜಾಗ ತಗೊಳ್ಳುವ ಕಾಲ ಅಲ್ಲ. ಟೆಂಡರ್ ಕರೆಯಬೇಕು, ನೀವು ಹಾಕಬೇಕು, ಬೇರೆಯವರು ಜಾಸ್ತಿ ಹಾಕಿದರೆ ಅವರಿಗೆ ಹೋಗುತ್ತದೆ. 'ಜಾಗ ನಾನು ಮಾಡಿಸಿಕೊಡ್ತೀನಿ' ಅಂತ ಯಾರಾದರೂ ಮುಂಗಡ ಕೇಳಿದರೆ ಕಾಫಿ ಕೊಟ್ಟು ಕಳಿಸಿ.

ಶೇಕಡ 15 ಏರಿಕೆ ಸಣ್ಣದು ಅನ್ನಿಸುತ್ತದೆ. 30 ವರ್ಷದಲ್ಲಿ 9 ಸಲ ಏರುತ್ತದೆ. ಕೊನೆಯ 3 ವರ್ಷದ ಬಾಡಿಗೆ ಮೊದಲಿನದರ ಮೂರೂವರೆ ಪಟ್ಟು. ಅಷ್ಟು ಹೊತ್ತಿಗೆ ನಿಮ್ಮ ಶೆಡ್‌ಗೆ 27 ವರ್ಷ ವಯಸ್ಸಾಗಿರುತ್ತದೆ.

ಬಾಡಿಗೆ ಎಷ್ಟು ಜಾಗಕ್ಕೆ ಅನ್ನುವುದನ್ನೂ ನೋಡಿ. ಸೆಸ್ನಾ 172ರ ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್, ಉದ್ದ 8.3 ಮೀಟರ್, ಎತ್ತರ 2.7 ಮೀಟರ್. ಎರಡು ಮುಂದೆ, ಎರಡು ಹಿಂದೆ ನಿಲ್ಲಿಸಿ, ನಡುವೆಯೂ ಸುತ್ತಲೂ ಒಂದೊಂದು ಮೀಟರ್ ಬಿಟ್ಟರೆ 25 ಮೀಟರ್ ಅಗಲ, 20 ಮೀಟರ್ ಆಳದ ಶೆಡ್ ಸಾಕಾಗುತ್ತದೆ. 500 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಗುಂಟೆ. ಮುಂದೆ 25 ಮೀಟರ್ ಅಂಗಳ, ಉಳಿದ ಮೂರು ಕಡೆ 5 ಮೀಟರ್ ಬೆಂಕಿ ಗಾಡಿ ಓಡಾಡಲು. ಆಗ ನೀವು ಗುತ್ತಿಗೆ ಹಿಡಿಯಬೇಕಾದದ್ದು 35 ಮೀಟರ್ ಅಗಲ, 50 ಮೀಟರ್ ಉದ್ದ. 1,750 ಚದರ ಮೀಟರ್, 17 ಗುಂಟೆ. 5 ಗುಂಟೆ ಶೆಡ್‌ಗೆ 17 ಗುಂಟೆ ಬಾಡಿಗೆ. ನಿಮಗೆ ಕೊಟ್ಟಿರುವ ಲಾಭದ ಪಟ್ಟಿಯಲ್ಲಿ ಎಷ್ಟು ಗುಂಟೆ ಹಿಡಿದಿದ್ದಾರೆ ಅಂತ ಕೇಳಿ ನೋಡಿ.

'ನಾಲ್ಕು ವಿಮಾನ ಹಿಡಿಯುತ್ತದೆ' ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹಿಡಿಯುವುದು ನಿಜ. ಕಲ್ಯಾಣ ಮಂಟಪದ ಪಾರ್ಕಿಂಗ್‌ನಲ್ಲಿ ಕಾರು ಹಿಡಿಯುವ ಹಾಗೆ. ಹಿಂದಿನದನ್ನು ತೆಗೆಯಬೇಕಾದರೆ ಮುಂದಿನದು ಹೊರಗೆ ಬರಬೇಕು. ಬೆಳಗ್ಗೆ ಆರು ಗಂಟೆಗೆ ಹಾರಬೇಕು ಅಂತ ಬಂದವರು ಬೇರೆಯವರ ವಿಮಾನ ತಳ್ಳಿ ಹೊರಗಿಡಬೇಕು. ತಳ್ಳುವಾಗ ರೆಕ್ಕೆಯ ತುದಿ ಕಂಬಕ್ಕೆ ತಾಗಿತು ಅಂದರೆ ಸುಮ್ನೆ ಪೇಂಟ್ ಹೊಡೆದು ಹಾರಿಸುವ ಹಾಗಿಲ್ಲ. ಎಂಜಿನಿಯರ್ ಬಂದು ನೋಡಿ, ಸಹಿ ಹಾಕುವವರೆಗೆ ವಿಮಾನ ನೆಲದ ಮೇಲೆ. ಅಷ್ಟು ದಿನದ ನಷ್ಟ ಯಾರದು? ಇದನ್ನು ಬಾಡಿಗೆ ಕರಾರಿನಲ್ಲಿ ಮೊದಲೇ ಬರೆಯದಿದ್ದರೆ ಸ್ನೇಹ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಆ ಶೆಡ್‌ಗೆ ಮೂರೇ ವಿಮಾನ.

ಹೊರದೇಶದಲ್ಲಿ ಇದಕ್ಕೆ ಟಿ ಹ್ಯಾಂಗರ್ ಅಂತ ಮಾಡುತ್ತಾರೆ. ವಿಮಾನದ ಆಕಾರಕ್ಕೇ ಗೂಡು, ಒಂದರ ಬಾಲ ಇನ್ನೊಂದರ ಬಾಲದ ಪಕ್ಕ, ಪ್ರತಿ ಗೂಡಿಗೂ ಬೇರೆ ಬಾಗಿಲು. ಯಾರೂ ಯಾರಿಗೂ ಅಡ್ಡ ಇಲ್ಲ. ಹತ್ತು ಹನ್ನೆರಡು ವಿಮಾನ ಇರುವ ಕಡೆ ಅದು ಚೆನ್ನ. ಎರಡೂ ಬದಿಗೆ ದಾರಿ ಬೇಕಾಗುವುದರಿಂದ ಮೂರು ನಾಲ್ಕು ವಿಮಾನಕ್ಕೆ ಲೆಕ್ಕ ಕೂಡುವುದಿಲ್ಲ.

ಬಾಗಿಲಿನ ಎತ್ತರ ಮಾತ್ರ ಸೆಸ್ನಾ ನೋಡಿ ಇಡಬೇಡಿ. ನಾಳೆ ಕಿಂಗ್ ಏರ್ ಥರದ ಎರಡು ಎಂಜಿನ್ ವಿಮಾನದವರು ಬಾಡಿಗೆ ಕೇಳಿಕೊಂಡು ಬರಬಹುದು. ಅದರ ಬಾಲ ನಾಲ್ಕೂವರೆ ಮೀಟರ್ ಹತ್ತಿರ ಬರುತ್ತದೆ. 5 ಮೀಟರ್ ಮೇಲೆ ಬಾಗಿಲು ಇಟ್ಟರೆ ಅವರೂ ಬರಬಹುದು. ಬಾಡಿಗೆ ಕೊಡುವ ಶಕ್ತಿ ಇರುವುದು ಅಂಥವರಿಗೇ.

ಈಗ ಗಾಳಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆ ಅಂದರೆ ಗೋಡೌನ್ ಕಟ್ಟುವವರನ್ನೇ ಹಿಡಿದು ಹ್ಯಾಂಗರ್ ಕಟ್ಟಿಸುವುದು ನಮ್ಮ ಕಡೆ ಅಭ್ಯಾಸ. ನಿಮ್ಮ ಗಿರಣಿಗೆ ಶೆಡ್ ಹಾಕಿದವರೂ ಈಗಾಗಲೇ ಕೊಟೇಶನ್ ಕೊಟ್ಟಿರಬಹುದು. ಕಟ್ಟಡಗಳ ಗಾಳಿ ಲೆಕ್ಕಕ್ಕೆ ಐಎಸ್ 875 ಅನ್ನುವ ಭಾರತೀಯ ಮಾನದಂಡದ ಮೂರನೇ ಭಾಗ ಇದೆ. ಅದರಲ್ಲಿ ಮೈಸೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದಲ್ಲೇ ಕಡಿಮೆ ವೇಗದ ವಲಯ ನಮ್ಮದು. ಕರಾವಳಿಯ ಹಾಗೆ ಭಯ ಇಲ್ಲ. ಆದರೆ ಗೋಡೌನ್‌ಗೂ ಹ್ಯಾಂಗರ್‌ಗೂ ವ್ಯತ್ಯಾಸ ಬಾಗಿಲಲ್ಲಿದೆ. ಗೋಡೌನ್‌ಗೆ ಒಂದು ಸಣ್ಣ ಶಟರ್. ಹ್ಯಾಂಗರ್‌ಗೆ ಒಂದು ಇಡೀ ಗೋಡೆಯೇ ಬಾಗಿಲು. ಅದು ತೆರೆದಿರುವಾಗ ಗಾಳಿ ಒಳಗೆ ನುಗ್ಗಿ ಸೂರನ್ನು ಕೆಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಕೊಡೆ ಮಗುಚಿಕೊಳ್ಳುವ ಹಾಗೆ. ಮುಚ್ಚಿದ ಕಟ್ಟಡಕ್ಕೆ ಒಳ ಒತ್ತಡದ ಗುಣಾಂಕ 0.2 ಹಿಡಿದರೆ, ದೊಡ್ಡ ಬಾಗಿಲು ತೆರೆದಿರುವ ಕಟ್ಟಡಕ್ಕೆ 0.7 ಹಿಡಿಯಬೇಕು ಅನ್ನುತ್ತದೆ ಅದೇ ಕೋಡ್. ಮೂರೂವರೆ ಪಟ್ಟು. ಡಿಸೈನ್ ಮಾಡುವವರನ್ನು 'ಒಳ ಒತ್ತಡ ಎಷ್ಟು ಹಿಡಿದ್ರಿ' ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ತಕ್ಷಣ ಬರದಿದ್ದರೆ ಬೇರೆಯವರನ್ನು ನೋಡಿ.

ಮೈಸೂರು, ಮಂಡ್ಯ ಕಡೆ ಹಾನಿ ಮಾಡುವ ಗಾಳಿ ಮುಂಗಾರಿನದಲ್ಲ, ಅದಕ್ಕೆ ಮುಂಚೆ ಏಪ್ರಿಲ್ ಮೇ ತಿಂಗಳ ಸಂಜೆ ಗಾಳಿ. ಭರಣಿ ಮಳೆಯ ಹೊತ್ತಿನಲ್ಲಿ ಹತ್ತು ನಿಮಿಷದಲ್ಲಿ ಎದ್ದು ಬರುತ್ತದೆ. ಬಾಗಿಲು ಎಳೆಯಲು ಆಳು ಓಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಬಾಗಿಲನ್ನು ಮುಚ್ಚಿರುತ್ತೇವೆ ಅನ್ನುವ ನಂಬಿಕೆಯ ಮೇಲೆ ಶೆಡ್ ಕಟ್ಟಬೇಡಿ. ಜೂನ್‌ನಿಂದ ಮುಂದೆ ಪಶ್ಚಿಮ, ನೈಋತ್ಯದ ಗಾಳಿ ತಿಂಗಳುಗಟ್ಟಲೆ ಬೀಸುತ್ತದೆ. ಬಾಗಿಲು ಆ ಕಡೆಗೆ ಮುಖ ಮಾಡದಿದ್ದರೆ ಮಳೆ ಎರಚಲು ಒಳಗೆ ಬರುವುದಿಲ್ಲ. ಇಷ್ಟು ಅಗಲಕ್ಕೆ ಅಂಗಡಿಯ ರೋಲಿಂಗ್ ಶಟರ್ ಬೇಡ, ಗಾಳಿಗೆ ಹೊಟ್ಟೆ ಬಿಡುತ್ತದೆ. ಹಳಿಯ ಮೇಲೆ ಜಾರುವ ಬಾಗಿಲೇ ಸರಿ. ಹಳಿಯಲ್ಲಿ ಕಲ್ಲು ಮಣ್ಣು ಸೇರದಂತೆ ದಿನಾ ಗುಡಿಸಬೇಕು, ಅಷ್ಟೇ.

ನೆಲದ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ಸುಮಾರು ವರ್ಷಗಳ ಹಿಂದೆ, ಬೇರೊಂದು ನಿಲ್ದಾಣದಲ್ಲಿ, ಒಂದು ಹ್ಯಾಂಗರ್‌ನ ಕೆಲಸ ನನ್ನ ಉಸ್ತುವಾರಿಯಲ್ಲಿತ್ತು. ಒಳಗಿನ ನೆಲ ಸರಿಯಾಗಿ ಹೊರಕ್ಕೆ ಇಳಿಜಾರು ಇಟ್ಟಿದ್ದೆವು. ಹೊರಗಿನ ಅಂಗಳ ಬೇರೆ ಕಂಟ್ರಾಕ್ಟ್. ಅವರು ತಮ್ಮ ಮಟ್ಟಕ್ಕೆ ತಾವು ಮಾಡಿದರು. ಎರಡೂ ಸೇರುವ ಕಡೆ, ಸರಿಯಾಗಿ ಬಾಗಿಲ ಕೆಳಗೆ, ಒಂದು ತಗ್ಗು. ಮೊದಲ ಮಳೆಗೆ ಬಾಗಿಲ ಹಳಿ ಕಾಲುವೆ ಆಯಿತು. ನೋಡಲು ಬಂದ ಮೇಲಧಿಕಾರಿ 'ಮೀನು ಬಿಡಬಹುದಿತ್ತು' ಅಂದರು. ಅವತ್ತಿನಿಂದ ಒಳಗಿನ ನೆಲವನ್ನೂ ಹೊರಗಿನ ಅಂಗಳವನ್ನೂ ಒಬ್ಬರ ಕೈಗೇ ಕೊಡಿ ಅಂತ ಹೇಳುತ್ತಾ ಬಂದಿದ್ದೇನೆ. ಬಾಗಿಲ ಮುಂದೆ ಜಾಲರಿ ಮುಚ್ಚಿದ ಚರಂಡಿ ಕೂಡ ಇರಲಿ.

ಇಳಿಜಾರು ಹೊರಕ್ಕೇ ಯಾಕೆ ಅಂದರೆ ನೀರಿಗಿಂತ ಇಂಧನದ ಕಾರಣಕ್ಕೆ. ಎಟಿಆರ್ ಕುಡಿಯುವುದು ಎಟಿಎಫ್, ಸೀಮೆಎಣ್ಣೆಯ ಜಾತಿ. 38 ಡಿಗ್ರಿ ಬಿಸಿಯಾದ ಮೇಲೆ ಅದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳಬಹುದು. ಮಾಮೂಲಿ ಸೆಸ್ನಾ 172 ಕುಡಿಯುವುದು ಎವಿಗ್ಯಾಸ್, ಅಂದರೆ ಪೆಟ್ರೋಲ್. ಅದರ ಆವಿ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರುವಾಗಲೂ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತದೆ, ತಗ್ಗಿನಲ್ಲಿ ಕೂರುತ್ತದೆ. ಅಮೆರಿಕದ ವಿದ್ಯುತ್ ಕೋಡ್ ಹ್ಯಾಂಗರ್ ನೆಲದಿಂದ ಒಂದೂವರೆ ಅಡಿಯವರೆಗೆ ಅಪಾಯದ ಜಾಗ ಅಂತಲೇ ಹೇಳುತ್ತದೆ. ಪ್ಲಗ್, ಸ್ವಿಚ್ ಎಲ್ಲ ಅದಕ್ಕಿಂತ ಮೇಲೆ ಇಡಿಸಿ. ಶೆಡ್ ಒಳಗೆ ಡ್ರಮ್‌ನಲ್ಲಿ ಪೆಟ್ರೋಲ್ ಶೇಖರಿಸುವ ಆಸೆ ಬೇಡ. ಅದಕ್ಕೆ ಪೆಸೊ ಅನ್ನುವ ಕೇಂದ್ರ ಇಲಾಖೆಯ ನಿಯಮ, ಪರವಾನಗಿ ಬೇರೆ ಇದೆ. ಒಂದು ಮೂಲೆಯಲ್ಲಿ ವೆಲ್ಡಿಂಗ್ ಮಾಡಿಕೊಳ್ಳೋಣ ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ.

ಕಟ್ಟುವ ಮುಂಚಿನ ಅನುಮತಿಗಳಲ್ಲಿ ಎತ್ತರದ ಎನ್‌ಒಸಿ, ಅಂದರೆ ಇಷ್ಟು ಎತ್ತರಕ್ಕೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಒಂದು. ಒಳಗೆ ಕಟ್ಟುವವರಿಗೂ ಇದೆ. ನಿಲ್ದಾಣದ ಸಂಪರ್ಕ ಉಪಕರಣಗಳ ಹತ್ತಿರ ತಗಡಿನ ದೊಡ್ಡ ಗೋಡೆ ಎದ್ದರೆ ಸಿಗ್ನಲ್ ಕೆಡುತ್ತದೆ, ಅದನ್ನೂ ನೋಡುತ್ತಾರೆ. ಕಂಟ್ರೋಲ್ ಟವರ್‌ನಲ್ಲಿ ಕೂತವರಿಗೆ ಟ್ಯಾಕ್ಸಿವೇ ಕಾಣದಂತೆ ನಿಮ್ಮ ಶೆಡ್ ಅಡ್ಡ ಬರಬಾರದು. ಕೆಲಸದವರಿಗೆಲ್ಲ ಒಳಗೆ ಹೋಗುವ ಪಾಸ್ ಆಗಬೇಕು. ಅದಕ್ಕೆ ಪೊಲೀಸ್ ಪರಿಶೀಲನೆ ಇರುತ್ತದೆ. ಹಾಗಾಗಿ ದಿನಕ್ಕೊಬ್ಬ ಹೊಸ ಕೂಲಿಯವರನ್ನು ಕರೆತಂದು ಕಟ್ಟುವ ಜಾಗ ಅಲ್ಲ ಇದು. ಕಟ್ಟುವ ಸಮಯವನ್ನು ಗಿರಣಿ ಶೆಡ್‌ನ ಎರಡು ಪಟ್ಟು ಹಿಡಿಯಿರಿ.

ಗುತ್ತಿಗೆ ಪತ್ರದಲ್ಲಿ ನಾನು ಮೊದಲು ಹುಡುಕುವುದು ಬಾಡಿಗೆ ಎಷ್ಟು ಅಂತಲ್ಲ. ನಿಲ್ದಾಣಕ್ಕೆ ಈ ಜಾಗ ಬೇಕಾದರೆ ಏನು ಅನ್ನುವ ಸಾಲು. ನನಗೆ ಗೊತ್ತಿದ್ದವರೊಬ್ಬರು ಬೇರೊಂದು ರಾಜ್ಯದ ಸಣ್ಣ ನಿಲ್ದಾಣದಲ್ಲಿ ಚೆಂದದ ಹ್ಯಾಂಗರ್ ಕಟ್ಟಿದರು. ಎಂಟು ವರ್ಷಕ್ಕೆ ಏಪ್ರನ್ ದೊಡ್ಡದು ಮಾಡುವ ಯೋಜನೆ ಬಂತು, ತೆರವು ಮಾಡಿ ಅಂತ ನೋಟಿಸ್ ಬಂತು. ಪತ್ರದಲ್ಲಿ ಬದಲಿ ಜಾಗದ ಮಾತೇ ಇರಲಿಲ್ಲ, ಪರಿಹಾರದ ಮಾತೂ ಇರಲಿಲ್ಲ. ಅವರ ಅದೃಷ್ಟಕ್ಕೆ ಶೆಡ್ ಪೂರ್ತಿ ಬೋಲ್ಟ್ ಹಾಕಿ ಕಟ್ಟಿದ್ದು. ಬಿಚ್ಚಿಕೊಂಡು ಹೋಗಿ ಬೇರೆ ಕಡೆ ನಿಲ್ಲಿಸಿದರು. ನೆಲ, ಅಂಗಳ, ಬುನಾದಿ ಎಲ್ಲ ಅಲ್ಲೇ ಹೋಯಿತು. ಮಂಡಕಳ್ಳಿಯಂಥ ಬೆಳೆಯುವ ನಿಲ್ದಾಣದಲ್ಲಿ ಈ ಸಾಲು ಇಲ್ಲದ ಪತ್ರಕ್ಕೆ ಸಹಿ ಹಾಕಬೇಡಿ. ಟೆಂಡರ್‌ನ ಕರಡು ಕರಾರು ಮೊದಲೇ ಸಿಗುತ್ತದೆ. ಟೆಂಡರ್ ಮುಂಚಿನ ಸಭೆಯಲ್ಲಿ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ. ಸಹಿ ಆದಮೇಲೆ ಕೇಳಿ ಉಪಯೋಗ ಇಲ್ಲ. ಶೆಡ್ ಅಂತೂ ಬೋಲ್ಟ್‌ನದೇ ಇರಲಿ.

ಬಾಡಿಗೆ ಕೊಡುವ ವಿಷಯ. ಇಂಥ ಗುತ್ತಿಗೆಯಲ್ಲಿ ಒಳಗುತ್ತಿಗೆ ಕೊಡಲು ಸಾಮಾನ್ಯವಾಗಿ ಪ್ರಾಧಿಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, ಬಾಡಿಗೆಗೆ ಯಾರು ಬರುತ್ತಾರೆ? ಮೈಸೂರಿನಲ್ಲಿ ಹಾರಾಟ ಕಲಿಸುವ ಶಾಲೆ ಇದೆ, ಅವರಿಗೆ ಅವರದೇ ವ್ಯವಸ್ಥೆ ಇರುತ್ತದೆ. ಸ್ವಂತ ವಿಮಾನ ಇರುವ ಬೆಂಗಳೂರಿನವರು ಅಲ್ಲಿನ ಸಣ್ಣ ವಿಮಾನಗಳ ನಿಲ್ದಾಣ ಜಕ್ಕೂರು ಬಿಟ್ಟು 140 ಕಿಲೋಮೀಟರ್ ದೂರ ತಂದು ನಿಲ್ಲಿಸಲು ಕಾರಣ ಬೇಕು. ಮಂಡಕಳ್ಳಿಗೆ ವಿಮಾನ ಕಂಪನಿಗಳು ಬರುವುದು, ನಿಲ್ಲುವುದು, ಮತ್ತೆ ಬರುವುದು ನಾವೆಲ್ಲ ನೋಡಿದ್ದೇವೆ. 2010ರಲ್ಲಿ ಶುರುವಾಯಿತು, ನಿಂತಿತು, 2017ರಲ್ಲಿ ಉಡಾನ್ ಯೋಜನೆಯಲ್ಲಿ ಮತ್ತೆ ಚಿಗುರಿತು. ಸಣ್ಣ ವಿಮಾನದ ಸಂಖ್ಯೆಯೂ ಹಾಗೆ ಏರಿಳಿಯುತ್ತದೆ. ನಿಮ್ಮದಲ್ಲದೆ ಉಳಿಯುವ ಎರಡು ಜಾಗಕ್ಕೆ ಇಬ್ಬರು ಬಾಡಿಗೆದಾರರು ಹೆಸರು, ವಿಮಾನದ ನೋಂದಣಿ ಸಂಖ್ಯೆ ಸಮೇತ ಬರೆದುಕೊಟ್ಟರೆ ಮುಂದುವರಿಯಿರಿ. 'ಬರ್ತಾರೆ ಬಿಡಿ' ಅನ್ನುವ ಮಾತಿನ ಮೇಲೆ 17 ಗುಂಟೆ ಹಿಡಿಯಬೇಡಿ.

ನಿಮ್ಮ ಮಗನಿಗೂ ಒಂದು ಮಾತು ಹೇಳಿ. ಗೆಳೆಯರು ಸೇರಿ ಕೊಂಡ ವಿಮಾನ ಖಾಸಗಿ ವರ್ಗದಲ್ಲಿ ನೋಂದಣಿ ಆದರೆ, ದುಡ್ಡು ತಗೊಂಡು ಜನರನ್ನು ಕೂರಿಸಿಕೊಂಡು ಹೋಗುವಂತಿಲ್ಲ. 'ದಸರಾದಲ್ಲಿ ಒಂದು ರೌಂಡ್ ಹೊಡೆಸಿ ಖರ್ಚು ತೆಗೀತೀವಿ' ಅನ್ನುವ ಯೋಚನೆ ಇದ್ದರೆ ಅದಕ್ಕೆ ವಿಮಾನಯಾನದ ನಿಯಂತ್ರಕ ಡಿಜಿಸಿಎ ಕೊಡುವ ಬೇರೆ ಪರವಾನಗಿ ಬೇಕು, ಅದು ಬೇರೆಯೇ ಸಂಸಾರ. ವಿಮಾನಯಾನ ಕಾಯ್ದೆ ಕೂಡ ಈಗ ಹೊಸದು. 1934ರ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದೆ. ಹಳೆಯ ಪುಸ್ತಕ ಇಟ್ಟುಕೊಂಡು ಸಲಹೆ ಕೊಡುವವರು ಇನ್ನೂ ಇದ್ದಾರೆ.

ಹಾಗಾದರೆ ಎಲ್ಲಿಂದ ಶುರು? ನಾನಾಗಿದ್ದರೆ ಮೊದಲ ಎರಡು ವರ್ಷ ಹ್ಯಾಂಗರ್ ಕಟ್ಟುತ್ತಲೇ ಇರಲಿಲ್ಲ. ವಿಮಾನ ಕೊಳ್ಳುವ ಮುಂಚೆ ನಿಲ್ದಾಣದ ನಿರ್ದೇಶಕರನ್ನು ಕಂಡು, ಸಣ್ಣ ವಿಮಾನಕ್ಕೆ ಬಯಲಿನಲ್ಲಿ ಕಟ್ಟಿ ನಿಲ್ಲಿಸಲು ಜಾಗ ಕೊಡುತ್ತಾರಾ, ಅಲ್ಲಿರುವ ಹ್ಯಾಂಗರ್‌ನವರು ಒಂದು ಮೂಲೆ ಬಾಡಿಗೆಗೆ ಕೊಡುತ್ತಾರಾ ಅಂತ ಕೇಳುತ್ತಿದ್ದೆ. ಅದೇ ಭೇಟಿಯಲ್ಲಿ ಮಾಸ್ಟರ್ ಪ್ಲಾನ್‌ನಲ್ಲಿ ಸಾಮಾನ್ಯ ವಿಮಾನಯಾನಕ್ಕೆ, ಅಂದರೆ ನಿಮ್ಮಂಥವರ ಸಣ್ಣ ಖಾಸಗಿ ವಿಮಾನಗಳಿಗೆ, ಜಾಗ ಗುರುತಿಸಿದ್ದಾರಾ, ಎಲ್ಲಿ, ಅನ್ನುವುದನ್ನೂ ಕೇಳಬೇಕು. ಅಲ್ಲಿ ಜಾಗ ಗುರುತಿಸಿದ್ದರೆ ಇವತ್ತಲ್ಲ ನಾಳೆ ಟೆಂಡರ್ ಬರುತ್ತದೆ. ಆಗ ನೀವು ಒಬ್ಬರೇ ಹಾಕುವುದಕ್ಕಿಂತ ಹಾರಾಟ ಶಾಲೆಯವರನ್ನೋ ರಿಪೇರಿ ಪರವಾನಗಿ ಇರುವವರನ್ನೋ ಜೊತೆಗೆ ಸೇರಿಸಿಕೊಂಡು ಹಾಕುವುದು ವಾಸಿ. ಬಂಡವಾಳ ನಿಮ್ಮದು, ವಿಮಾನ ತುಂಬಿಸುವ ಕೆಲಸ ಅವರದು.

ಬಯಲಲ್ಲಿ ನಿಲ್ಲಿಸಿದರೆ ವಿಮಾನ ಹಾಳಾಗುತ್ತದೆ ಅಂತ ಹೆದರಿಸುತ್ತಾರೆ. ಬಿಸಿಲಿಗೆ ಬಣ್ಣ, ಕಿಟಕಿಯ ಪ್ಲಾಸ್ಟಿಕ್ ಮಂಕಾಗುವುದು ನಿಜ. ಮಂಗಳೂರಿನ ಉಪ್ಪು ಗಾಳಿಯಾದರೆ ನಾನೂ ಹೆದರಿಸುತ್ತಿದ್ದೆ. ಮೈಸೂರಿನ ಒಣ ಹವೆಯಲ್ಲಿ ಒಳ್ಳೆಯ ಹೊದಿಕೆ ಹಾಕಿ, ಮೂರು ಕಡೆ ಹಗ್ಗ ಬಿಗಿದು ಎರಡು ವರ್ಷ ತಳ್ಳಬಹುದು. ಕೊಳವೆಗಳ ಬಾಯಿಗೆ ಮುಚ್ಚಳ ಹಾಕುವುದನ್ನು ಮಾತ್ರ ಮರೆಯಬಾರದು. ಗಾಳಿಯ ವೇಗ ಅಳೆಯುವ ಪಿಟೋ ಕೊಳವೆಯಲ್ಲಿ ಕಡಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಶೆಡ್ ಇದ್ದರೂ ಕಟ್ಟುತ್ತದೆ, ಜೊತೆಗೆ ಶೆಡ್‌ನಲ್ಲಿ ಪಾರಿವಾಳದ ಹಿಕ್ಕೆ ಬೇರೆ.

ಆ ಎರಡು ಎಕರೆ. ಪೈಲಟ್ ತರಬೇತಿಗೆ ಬರುವ ಹುಡುಗರಿಗೆ ಹಾಸ್ಟೆಲ್ ಮಾಡಿದರೆ ನಡೆಯಬಹುದು, ಅದಕ್ಕೆ ಭೂಪರಿವರ್ತನೆ ಆಗಬೇಕು. ಜೊತೆಗೆ 2015ರ ಎತ್ತರ ನಿರ್ಬಂಧದ ನಿಯಮಗಳ ಪ್ರಕಾರ ಪ್ರಾಧಿಕಾರದ ಎನ್‌ಒಸಿ ಬೇಕು, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ರನ್‌ವೇ ವಿಸ್ತರಣೆಗೆ ಆ ಸರ್ವೆ ನಂಬರ್ ಸೇರಿದೆಯಾ ಅಂತ ಮೊದಲು ವಿಚಾರಿಸಿ. ಏನೂ ಬೇಡ, ಸದ್ಯಕ್ಕೆ ತೆಂಗು ಹಾಕಿಬಿಡೋಣ ಅಂತ ಸಂಬಂಧಿಕರು ಹೇಳಿದರೆ ಅವರಿಗೂ ಒಂದು ಮಾತು ತಿಳಿಸಿ: ಆ ನಿಯಮ ಕಟ್ಟಡಕ್ಕೆ ಮಾತ್ರ ಅಲ್ಲ, ಮರಕ್ಕೂ ಇದೆ. ರನ್‌ವೇ ನೇರಕ್ಕೆ ಬರುವ ಜಮೀನಾದರೆ ಬಾಳೆಯೋ ರಾಗಿಯೋ ಸಾಕು.